ಉಡಿ ತುಂಬಿಸಿಕೊಂಡು ಹೋದವಳು

ಸತ್ಯ ಹೇಳಬೇಕೆಂದರೆ, ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳತೊಡಗಿದರೆ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದುಬಿಡುತ್ತಿದ್ದೆ. ದೇವರನ್ನು ನಂಬಿದವಳಿಗೆ ಉಳಿದದ್ದೆಲ್ಲ ಯಾಕೆ ಬೇಕು ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಆದರೆ ಕೆಲವು ವರ್ಷಗಳ ಹಿಂದೆ ಕುಂದಗೋಳದಲ್ಲಿ, ಹಾಡುಹಗಲಲ್ಲಿ ಆದದ್ದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮ್ಮದು.

ನಮ್ಮದು ಸಂಶಿ. ಊರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಂದು ನಾವು ನಾಲ್ವರು ಹೆಂಗಸರು ಉಪವಾಸವಿದ್ದು, ಬಸ್ಸು ಹಿಡಿದು ಕುಂದಗೋಳಕ್ಕೆ ಹೋಗುತ್ತಿದ್ದೆವು. ಅಲ್ಲಿ ಗರ್ಭ ತೆಗೆಯುವ ಒಂದು ಖಾಸಗಿ ದವಾಖಾನೆಯ ಎದುರು, ಬೇವಿನ ಗಿಡದ ಕೆಳಗೆ ನಿಂತು ಜಪಸರ ಹೇಳುವುದು. ಹುಟ್ಟದೆ ಹೋಗುವ ಕೂಸುಗಳಿಗಾಗಿ, ಅವುಗಳ ತಾಯಂದಿರಿಗಾಗಿ. ಫಲಕವಿಲ್ಲ, ಕೂಗಾಟವಿಲ್ಲ. ಒಳಗೆ ಹೋಗುವವರನ್ನು ತಡೆಯುವಂತಿಲ್ಲ. ಅವರಾಗಿ ಬಂದರೆ ಮಾತ್ರ ಮಾತು. ಹಾಗೆ ಬಂದವರು ಒಬ್ಬರೂ ಇರಲಿಲ್ಲ.

ಆಟೋದವರು ಮಾತ್ರ ಚಾಷ್ಟಿ ಮಾಡುತ್ತಿದ್ದರು. “ಅಕ್ಕಾರ, ಬಾಗಲಾ ಕಾಯಾಕ ಡಾಕ್ಟ್ರು ಪಗಾರ ಕೊಡ್ತಾರೇನ್ರಿ?” ಎಂದು ಒಬ್ಬ ಕೇಳಿದರೆ, ನಮ್ಮಲ್ಲಿ ಹಿರಿಯಳಾದ ಫಿಲೋಮಿನಕ್ಕ, “ಇಲ್ಲಪಾ. ನೀನೂ ಖಾಲೀನ ನಿಂತೀಯಲ್ಲ, ಬಾ, ನಮ್ಮ ಬಾಜೂ ನಿಂದ್ರು” ಎನ್ನುತ್ತಿದ್ದಳು. ಗಿಡದ ನೆರಳಿತ್ತು. ಒಳಗಿನ ಒಬ್ಬ ನರ್ಸಮ್ಮ ತಂಬಿಗೆ ನೀರು ತಂದುಕೊಡುತ್ತಿದ್ದಳು. ಬರುವಾಗ ಬಸ್ಸಿನಲ್ಲಿ ಸೀಟು ಸಿಗುತ್ತಿತ್ತು. ಅಷ್ಟನ್ನೇ ದೇವರ ಕೃಪೆ ಎಂದುಕೊಳ್ಳುತ್ತಿದ್ದೆ.

ನಮ್ಮ ಹಿತ್ತಲಿನ ಆಚೆ ಮನೆಯ ಸೊಸೆ ಗೌರವ್ವ. ಎರಡು ಹೆಣ್ಣುಮಕ್ಕಳಾದ ಮೇಲೆ ಮತ್ತೆ ಬಸುರಿ. ಒಂದು ಗುರುವಾರ ಸಂಜೆ ಹಿತ್ತಲ ಗೋಡೆಗೆ ಬಂದು ನಿಂತಳು.

“ಇದೂ ಹೆಣ್ಣ ಅಂತ ಅತ್ತಿ ಹಟಾ ಹಿಡದಾರ್ರಿ ಅಕ್ಕಾ. ನಾಳೆ ಕುಂದಗೋಳಕ್ಕ ಕರಕೊಂಡ ಹೊಂಟಾರ.”

“ನಿನ್ನ ಗಂಡ ಏನಂತಾನ?”

“ಅವರೇನಂತಾರ್ರಿ, ಅವ್ವ ಅಂದದ್ದ ಅವರೂ ಅಂತಾರ. ನನಗ ಈ ಕೂಸು ಬೇಕ್ರಿ. ನೀವು ಅಲ್ಲೇ ಇರ್ತೀರಲ್ಲ? ನಿಮ್ಮನ್ನ ನೋಡಿದ್ರ ಒಲ್ಲೆ ಅನ್ನಾಕ ಧೈರ್ಯ ಬರ್ತೈತಿ.”

ಇರುತ್ತೇನೆ ಎಂದೆ. ಅತ್ತೆಯ ಹತ್ತಿರ ಮಾತಾಡಲೂ ಹೋದೆ. “ನಿಮ್ಮ ದೇವರ್ನ ನಿಮ್ಮ ಮನ್ಯಾಗ ಇಟ್ಕೋರಿ” ಎಂದು ಬಾಗಿಲಿನಿಂದಲೇ ಕಳಿಸಿದಳು.

ಮರುದಿನ ಬೆಳಗಿನಿಂದ ಗಿಡದ ಕೆಳಗೆ ನಿಂತೆವು. ಗೌರವ್ವ ಬಂದದ್ದು ಕಾಣಲಿಲ್ಲ. ಮನಸ್ಸು ಬದಲಾಯಿಸಿರಬೇಕು ಎಂದುಕೊಂಡೆ. ಮಧ್ಯಾಹ್ನ ಬಸ್ ನಿಲ್ದಾಣದ ಕಡೆಯಿಂದ ಅವಳು ಒಬ್ಬಳೇ ನಡೆದು ಬಂದಳು. ದವಾಖಾನೆಯತ್ತ ಹೊರಳಿಯೂ ನೋಡದೆ ನನ್ನ ಪಕ್ಕ ಬಂದು ಮಣ್ಣಿನಲ್ಲಿ ಮೊಣಕಾಲೂರಿದಳು. ನಮ್ಮ ಜಪವನ್ನು ಎಂದೂ ಕಲಿಯದವಳು, ಕೊನೆಯವರೆಗೂ ನಮ್ಮ ದನಿಯಲ್ಲಿ ದನಿ ಕೂಡಿಸಿ ಹೇಳಿದಳು. ತಪ್ಪಿಸಿಕೊಂಡು ಬಂದಿದ್ದಾಳೆ ಎಂದು ನನಗೆ ಅಳುವೇ ಬಂತು.

ಬಸುರಿಯನ್ನು ಬರಿದೇ ಕಳಿಸಬಾರದು. ಕ್ರೈಸ್ತರಾದರೂ ನಮ್ಮ ಮನೆಗಳಲ್ಲಿ ಈ ಪದ್ಧತಿ ಇದೆ. ಕೈಚೀಲದಲ್ಲಿ ಬೆಳಿಗ್ಗೆ ಬಸ್ಸಿಳಿದಾಗ ಕೊಂಡ ಅಕ್ಕಿ, ಉತ್ತತ್ತಿ ಇದ್ದವು. ತೆಗೆದು ಅವಳ ಸೆರಗಿಗೆ ಸುರಿದೆ.

“ಹಾದ್ಯಾಗ ಉಡಿ ತುಂಬತಾರೇನ ಹುಚ್ಚಿ? ಮನಿಗೆ ಕರದು, ಕುಂದ್ರಿಸಿ ತುಂಬಬೇಕು” ಎಂದಳು ಫಿಲೋಮಿನಕ್ಕ.

“ಮನಿಗೆ ಹೋದ್ರ ಅವರತ್ತಿ ತುಂಬಾಕ ಬಿಡ್ತಾಳೇನ್ರಿ?” ಎಂದೆ.

ಅಕ್ಕಿಯ ಭಾರಕ್ಕೆ ಸೆರಗು ಜಗ್ಗಿದ್ದನ್ನು ನಾಲ್ವರೂ ನೋಡಿದೆವು. ಗೌರವ್ವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಬರ್ತೀನ್ರಿ ಅಕ್ಕಾ” ಎಂದು ಬಂದ ಹಾದಿಯಲ್ಲೇ ಹೋದಳು. ನಾವು ದೇವರಿಗೆ ಸ್ತೋತ್ರ ಹೇಳಿ ಹಾಡಿದೆವು.

ಸಂಜೆ ಮನೆಗೆ ಹೊರಡುವ ಹೊತ್ತಿಗೆ ದವಾಖಾನೆಯ ಗೇಟು ತೆರೆಯಿತು. ಅತ್ತೆ, ಗಂಡ ಎರಡೂ ರಟ್ಟೆ ಹಿಡಿದು ಗೌರವ್ವನನ್ನು ಹೊರಗೆ ತಂದರು. ಅವಳಿಗೆ ಹೆಜ್ಜೆ ಎತ್ತಲಾಗುತ್ತಿರಲಿಲ್ಲ. ಆಟೋ ಹತ್ತಿಸುವಾಗ ಸೊಂಟದಿಂದ ಅಕ್ಕಿ ಸುರಿದು ರಸ್ತೆಯ ಮೇಲೆ ಬಿತ್ತು.

“ಇದ್ಯಾರ ಉಡಿ ತುಂಬ್ಯಾರಬೇ ನಿನಗ?” ಎಂದು ಅತ್ತೆ ಗದರಿದಳು.

ತಂಬಿಗೆ ಒಯ್ಯಲು ಬಂದ ನರ್ಸಮ್ಮನನ್ನು ಕೇಳಿದೆ. “ನೀವು ಬರೂಕಿಂತ ಮೊದಲ ಬಂದಾರ್ರಿ. ಮಧ್ಯಾಹ್ನ ಎಲ್ಲಾ ಮುಗೀತು. ಆಕಿ ಕಾಟ್ ಬಿಟ್ಟು ಎದ್ದೇ ಇಲ್ಲ” ಎಂದಳು.

ಉಪವಾಸಕ್ಕೆ ತಲೆ ತಿರುಗಿ ಹಾಗೆ ಕಂಡಿರಬೇಕು ಎಂದು ಫಿಲೋಮಿನಕ್ಕ ಈಗ ಹೇಳುತ್ತಾಳೆ. ನಾಲ್ವರಿಗೂ ಒಮ್ಮೆಲೇ ತಿರುಗುತ್ತದೆಯೇ? ಅಕ್ಕಿ ಎಲ್ಲಿಂದ ಬಂತು? ಚರ್ಚಿನ ಗುರುಗಳನ್ನು ಕೇಳಿದೆ, ಪ್ರಾರ್ಥನೆ ಮಾಡು ಎಂದರು. ಮಾಡುತ್ತಲೇ ಇದ್ದೇನೆ.

ತಿಂಗಳುಗಳಾದ ಮೇಲೆ ನಳದ ಹತ್ತಿರ ಗೌರವ್ವ ಒಬ್ಬಳೇ ಸಿಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಕೊಡ ಕೆಳಗಿಟ್ಟು ಕೇಳಿದಳು.

“ಆವತ್ತ ಯಾಕ ಬರಲಿಲ್ರಿ ಅಕ್ಕಾ?”

“ಬಂದಿದ್ನಲ್ಲವಾ. ಮುಂಜಾನಿಂದ ಸಂಜಿತನಾ ಅಲ್ಲೇ ನಿಂತಿದ್ವಿ.”

“ಸುಳ್ಳ ಯಾಕ ಹೇಳ್ತೀರಿ? ನನ್ನ ಕಾಟ್ ಕಿಡಕಿ ಬಾಜೂಕ ಇತ್ತು. ಒಲ್ಲೆ ಅನ್ನೂಣು ಅಂತ ಮತ್ತ ಮತ್ತ ನೋಡಿದ್ನಿ. ಗಿಡದ ಬುಡಕ ಯಾರೂ ಇರಲಿಲ್ಲ.”

ಕೊಡ ಎತ್ತಿಕೊಂಡು ಹೋದಳು. ಮತ್ತೆ ನನ್ನ ಜೊತೆ ಮಾತಾಡಿಲ್ಲ.

ನಾನು ಈಗಲೂ ಶುಕ್ರವಾರ ಹೋಗುತ್ತೇನೆ. ನೆರಳಿದೆ, ನೀರು ಸಿಗುತ್ತದೆ. ಜಪದ ನಡುವೆ ಒಮ್ಮೊಮ್ಮೆ ದವಾಖಾನೆಯ ಆ ಕಿಟಕಿಯತ್ತ ಕೈ ಎತ್ತಿ ಆಡಿಸುತ್ತೇನೆ. ಒಳಗೆ ಮಲಗಿದವರಿಗೆ ನಾವು ಕಾಣುತ್ತೇವೋ ಇಲ್ಲವೋ, ನನಗೆ ಗೊತ್ತಿಲ್ಲ.