ಬ್ರೆಟ್ ನೆಟ್ಟ ಸೊಟ್ಟ ಕಂಬಗಳು

ಕುರಾಬಿನ್ ಊರಿನಲ್ಲಿ ಗ್ವೆನ್ ಎಂದರೆ ಬಾಯಿ ಜೋರಿನ ಹೆಂಗಸು. ಆದರೆ ಆ ಬಾಯಿಂದ ಬಂದ ಬುದ್ಧಿಮಾತನ್ನು ಯಾರಾದರೂ ಕೇಳಿದ್ದುಂಟೇ? ಪೊಲೀಸ್ ಠಾಣೆಯನ್ನೂ ಅದರ ಹಿಂದಿನ ಕ್ವಾರ್ಟರ್ಸನ್ನೂ ಗುಡಿಸಿ ಒರೆಸುವುದು ಅವಳ ಕೆಲಸ. ಬಂದುಹೋದ ಸಾರ್ಜೆಂಟುಗಳಲ್ಲಿ ಬೂಟನ್ನು ಬಾಗಿಲಲ್ಲೇ ಬಿಚ್ಚಿಡುತ್ತಿದ್ದವನು ಬ್ರೆಟ್ ಒಬ್ಬನೇ. ಅವನನ್ನೂ ಎಳೆಯ ಕಾನ್‌ಸ್ಟೆಬಲ್ ಲಾಕಿಯನ್ನೂ ಯಾರೋ ಹೊಲದ ಗೇಟಿನ ಬಳಿ ಗುಂಡಿಕ್ಕಿ ಕೊಂದ ಮೇಲೆ ಊರಿಗೆ ಊರೇ ಮಂಕಾಯಿತು.

ಹೆಂಗಸರು ಕೇಕು, ಕುರಿಮಾಂಸದ ಸಾರು ಹೊತ್ತು ತಂದು ಅತ್ತರು. ಗಂಡಸರಿಗೆ ಅಳಲು ಬರಬೇಕಲ್ಲ! ಆ ಗೋಧಿ ಸೀಮೆಯ ಗಂಡಸಿಗೆ ದುಃಖವಾದರೆ ಕೈಗೆ ಸುತ್ತಿಗೆ ಬರುತ್ತದೆ. ಯಾರ ಮನೆಯಲ್ಲಿ ಸಾವಾದರೂ ಎಲ್ಲರೂ ಸೇರಿ ಆ ಮನೆಯ ಬೇಲಿ ಕಟ್ಟಿ, ಬೆಳೆ ಕೊಯ್ದು, ಕೊನೆಗೆ ಬೆಂಕಿ ಹಾಕಿ ಸಾಸೇಜು ಸುಟ್ಟು ತಿಂದು ಹೋಗುತ್ತಾರೆ. ಬ್ರೆಟ್‌ನ ಹೆಂಡತಿ ಶೆಲಿ ಅಂತ್ಯಕ್ರಿಯೆಗೆಂದು ಸಿಡ್ನಿಗೆ ಹೋಗಿದ್ದಾಗ ಇವರ ಕಣ್ಣು ಬಿದ್ದದ್ದು ಕ್ವಾರ್ಟರ್ಸಿನ ಹಿತ್ತಲಿನ ಕೋಳಿಗೂಡಿನ ಮೇಲೆ. ಬ್ರೆಟ್ ಅದನ್ನು ಅರ್ಧ ಕಟ್ಟಿ ಬಿಟ್ಟಿದ್ದ. ನಾಲ್ಕು ಕಂಬ, ನಾಲ್ಕೂ ನಾಲ್ಕು ದಿಕ್ಕಿಗೆ ವಾಲಿದ್ದವು.

"ಶೆಲಿ ಬರೋ ಅಷ್ಟರಲ್ಲಿ ಮುಗಿಸಿಬಿಡೋಣ," ಎಂದ ಗ್ವೆನ್‌ಳ ಗಂಡ ಡೆಸ್.

"ಮುಟ್ಟಬೇಡ್ರೋ! ಮೊದ್ಲು ಅವಳನ್ನ ಒಂದು ಮಾತು ಕೇಳಿ," ಎಂದಳು ಗ್ವೆನ್.

"ಸಹಾಯ ಮಾಡೋಕೂ ಅಪ್ಪಣೆ ಬೇಕೇನೇ?"

"ಅದು ಅವನ ಕೈಕೆಲಸ ಕಣೋ, ಪೆದ್ದ!"

"ಅದಕ್ಕೇ ಕಿತ್ತು ಹಾಕ್ತಿರೋದು," ಎಂದ ಪಕ್ಕದ ಮನೆಯ ನೆವಿಲ್. ಬ್ರೆಟ್ ಇದ್ದಾಗ ಅವನ ಕೈಕೆಲಸದ ಬಗ್ಗೆ ಅವನೆದುರೇ ಆಡುತ್ತಿದ್ದಂಥದೇ ತಮಾಷೆ. ಎಲ್ಲರೂ ನಕ್ಕರು, ನಕ್ಕವರೇ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಗ್ವೆನ್ ಶೆಲಿಗೆ ಫೋನು ಮಾಡಿದಳು, ಸ್ವಿಚ್ ಆಫ್. ಮತ್ತೆ ಕೂಗಾಡಿದಳು. ಗೋರ್ಕಲ್ಲ ಮೇಲೆ ಮಳೆ ಕರೆದಂತಾಯಿತು. ಸಂಜೆಯೊಳಗೆ ಗೂಡು ಸೂಜಿಯಷ್ಟು ನೆಟ್ಟಗೆ ನಿಂತಿತು.

ಸಾಸೇಜು ಬೇಯುತ್ತಿರುವಾಗಲೇ ಶೆಲಿ ಬಂದಳು. ಗೂಡನ್ನು ನೋಡಿದಳು. "ತುಂಬಾ ಉಪಕಾರ ಆಯ್ತು," ಎಂದಳು. ಡೆಸ್ ಅವಳ ಕೈಗೆ ಬ್ರೆಡ್ಡು, ಸಾಸೇಜು ಕೊಟ್ಟ. ಅವಳು ಒಂದು ತುತ್ತು ತಿಂದಳು ಕೂಡ.

"ಹಳೇ ಕಂಬ ಎಲ್ಲಿಟ್ಟಿದೀರಾ?" ಎಂದಳು ಆಮೇಲೆ. "ಅವನು ನೆಡುವಾಗ ನಾನೇ ಹಿಡ್ಕೊಂಡಿದ್ದೆ. ನೆಟ್ಟಗಿದೆಯಾ ಅಂತ ಕೇಳೋನು. ನೋಡದೇನೇ ಹೂಂ ಅಂದುಬಿಡ್ತಿದ್ದೆ."

ಒಬ್ಬೊಬ್ಬರ ಕಣ್ಣೂ ಬೆಂಕಿಯ ಕಡೆ ಹೋಯಿತು. ಶೆಲಿಯೂ ಅತ್ತ ನೋಡಿದಳು, ಆಮೇಲೆ ಕೈಯಲ್ಲಿದ್ದ ಬ್ರೆಡ್ಡನ್ನು.

"ಬೇಕಾದ್ರೆ ಇವನ್ನೇ ಸ್ವಲ್ಪ ಸೊಟ್ಟ ಮಾಡಿಕೊಡ್ತೀವಮ್ಮಾ," ಎಂದ ಡೆಸ್. ಕುಚೋದ್ಯವಲ್ಲ, ಪಾಪ, ಮನಸಾರೆ ಹೇಳಿದ್ದು. ಗ್ವೆನ್‌ಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

ಶೆಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗ್ವೆನ್ ಬಕೆಟ್ಟು ಎತ್ತಿ, ಸಾಸೇಜು ಸಮೇತ, ಬೆಂಕಿಗೆ ನೀರು ಸುರಿದಳು.