ಗೆಜ್ಜೆಗೆ ಜಾಗವಿಲ್ಲದ ಶೂ

ಅಣ್ಣನ ಮಗಳು ಗೋಡೆ ಬಿಟ್ಟು ಹತ್ತು ಹೆಜ್ಜೆ ನಡೆದ ವಾರದಲ್ಲೇ ನಮ್ಮ ಮನೆ ಮುಂದಿನ ರಸ್ತೆಗೆ ನೀರಿನ ಪೈಪ್ ಹಾಕುವವರು ಬಂದರು. ಅಗೆದರು, ಪೈಪ್ ಇಟ್ಟರು, ಮಣ್ಣು ಮುಚ್ಚಿದರು. ಉಳಿದ ಜಲ್ಲಿಯನ್ನು ಮಾತ್ರ ನಮ್ಮ ಅಂಗಳದ ಅಂಚಿನಲ್ಲಿ ಸುರಿದು ಹೋದರು. ಇಡೀ ಅಂಗಳದಲ್ಲಿ ಮಗುವಿಗೆ ಇಷ್ಟವಾಗಿದ್ದು ಆ ಜಲ್ಲಿ ರಾಶಿ ಒಂದೇ. ಎರಡು ಸಲ ಅಂಗಾಲು ಕೊಯ್ದುಕೊಂಡಿತು. ಎರಡನೇ ಸಲ ರಕ್ತ ನೋಡಿದ ಅತ್ತಿಗೆ, ಭಾನುವಾರದೊಳಗೆ ಇವಳಿಗೊಂದು ಶೂ ಬರಲೇಬೇಕು ಎಂದು ಹೇಳಿ ಗಾರ್ಮೆಂಟ್ಸ್ ಬಸ್ಸು ಹತ್ತಿದರು.

ಆ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿ ಲೇತ್ ಮೇಲೆ ಮರ ಕಡೆಯುವುದು ನನ್ನ ಕೆಲಸ. ಅದನ್ನೂ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ, ನೋಡಿ ನೋಡಿ ಕಲಿತದ್ದು. ಶೂ ವಿಷಯವನ್ನೂ ಹಾಗೆಯೇ ಕಲಿಯಬಹುದು ಅನ್ನಿಸಿತು. ನಾಲ್ಕು ದಿನ ಬಸ್ಸಿನಲ್ಲಿ ಹೋಗುವಾಗ ಬರುವಾಗ ಮೊಬೈಲಿನಲ್ಲಿ ಮಕ್ಕಳ ಪಾದದ್ದೇ ವಿಡಿಯೋ. ಎಳೆ ಮಕ್ಕಳ ಪಾದದಲ್ಲಿ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಅಳತೆಯನ್ನು ನಿಲ್ಲಿಸಿ ತೆಗೆಯಬೇಕು, ಮಲಗಿಸಿ ಅಲ್ಲ. ಹೆಬ್ಬೆರಳಿನ ಮುಂದೆ ಒಂದು ಬೆರಳಷ್ಟು ಜಾಗ ಬೇಕು. ಅಟ್ಟೆ ಬೆರಳಿನ ಬುಡದಲ್ಲಿ ಬಾಗಬೇಕು, ನಡುವೆ ಅಲ್ಲ. ಇದನ್ನೆಲ್ಲ ಊಟದ ಹೊತ್ತಿನಲ್ಲಿ ಮನೆಯವರಿಗೆ ಹೇಳಿದೆ. ಅಣ್ಣ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದ. ಅವ್ವ ಮಾತ್ರ ಪೂರ್ತಿ ಕೇಳಿಸಿಕೊಂಡು, "ನಾವೆಲ್ಲಾ ಈಟು ಓದ್ಕಂಡೇ ನಡ್ಯಕ್ಕೆ ಕಲ್ತಿದ್ದು ಕಣಪ್ಪ" ಅಂದಳು.

ಹಗಲೆಲ್ಲ ಮಗು ಅವ್ವನ ಹತ್ತಿರ ಇರುತ್ತಿತ್ತು. ಅಣ್ಣ ಬೆಳಗಿನ ಜಾವವೇ ಆಟೋ ತೆಗೆದುಕೊಂಡು ಹೋದರೆ, ಏಳೂವರೆಗೆ ಅತ್ತಿಗೆ, ಎಂಟೂವರೆಗೆ ನಾನು. ಅತ್ತಿಗೆಯ ತವರು ಮಾಗಡಿ. ಅಲ್ಲಿ ಅವರ ಅಮ್ಮ ಪ್ರತಿ ಫೋನಿನಲ್ಲೂ ಮಗುವನ್ನು ತಮ್ಮ ಹತ್ತಿರ ಬಿಡಿ ಅನ್ನುತ್ತಿದ್ದರು. ಅವರ ಮನೆಗೆ ಕಾಂಪೌಂಡ್ ಇದೆ, ಗೇಟ್ ಇದೆ. ನಮ್ಮ ಮನೆ ಕಬ್ಬಾಳಿಗೆ ಹೋಗುವ ರಸ್ತೆಯ ಮೇಲೆಯೇ ಇದೆ. ಮಂಗಳವಾರ, ಶುಕ್ರವಾರ ಅಲ್ಲಿನ ದೇವಿಯ ದರ್ಶನಕ್ಕೆ ಹೋಗುವ ಗಾಡಿಗಳು ಒಂದರ ಹಿಂದೆ ಒಂದು. ಅತ್ತಿಗೆ ಕೆಲಸಕ್ಕೆ ಮತ್ತೆ ಹೊರಟ ದಿನ, ನಾನು ನೋಡ್ಕತೀನಿ ಎಂದು ಅವ್ವ ಹೇಳಿದಾಗ, ಅತ್ತಿಗೆ ಒಪ್ಪಿ ಒಂದು ಮಾತು ಸೇರಿಸಿದ್ದರು. ಬಿದ್ದು ತರಚಿಕೊಳ್ಳುವುದು ಬೇರೆ, ಒಂದೇ ಒಂದು ಸಲ ಮಗು ಕಣ್ಣು ತಪ್ಪಿಸಿ ರಸ್ತೆಗೆ ಹೋದರೂ ಮಾಗಡಿಗೆ ಬಿಟ್ಟುಬರುತ್ತೇನೆ ಎಂದು. ಸಿಟ್ಟಿನಿಂದ ಹೇಳಿದ್ದಲ್ಲ. ಶಿಫ್ಟ್ ಎಷ್ಟು ಹೊತ್ತಿಗೆ ಎಂದು ಹೇಳುವ ದನಿಯಲ್ಲೇ ಹೇಳಿದ್ದರು. ಅವ್ವ ಅದನ್ನು ಮರೆತಿರಲಿಲ್ಲ. ನಾನು ಮರೆತಿದ್ದೆ.

ಅಳತೆಯ ಕೆಲಸ ನಾನಂದುಕೊಂಡಷ್ಟು ಸುಲಭವಾಗಲಿಲ್ಲ. ಮಗುವನ್ನು ರಟ್ಟಿನ ಮೇಲೆ ನಿಲ್ಲಿಸಿದರೆ ಪೆನ್ಸಿಲ್ ಬಾಯಿಗೆ ಹಾಕಿಕೊಳ್ಳಲು ಬಗ್ಗುತ್ತಿತ್ತು. ಮೂರನೇ ಸಲಕ್ಕೆ ಒಂದು ಗೆರೆ ಸಿಕ್ಕಿತು. ಆ ಗೆರೆಯನ್ನು ಕಾರ್ಖಾನೆಗೆ ಒಯ್ದು, ಗೊಂಬೆಗೆ ಬಳಸಿ ಮಿಕ್ಕ ಹಾಲೆ ಮರದ ತುಂಡೊಂದನ್ನು ಅರದಲ್ಲಿ ಉಜ್ಜಿ ಉಜ್ಜಿ ಪಾದದ ಆಕಾರಕ್ಕೆ ತಂದೆ. ಮುಂದಕ್ಕೆ ಬೆರಳಷ್ಟು ಜಾಸ್ತಿ ಬಿಟ್ಟೆ. ಬೆಳ್ಳಗೆ, ನುಣ್ಣಗೆ, ಅಂಗೈಯಷ್ಟು ಉದ್ದದ ಪಾದ. ಅದು ಯಾವ ಶೂ ಒಳಗೆ ಸಲೀಸಾಗಿ ಹೋಗುತ್ತದೋ ಅದೇ ಶೂ ಎಂದು ಲೆಕ್ಕ ಹಾಕಿದ್ದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಚಪ್ಪಲಿ ಅಂಗಡಿಯ ಸಾಹೇಬರು ಆ ಮರದ ಪಾದವನ್ನು ಕನ್ನಡಕ ಏರಿಸಿ ನೋಡಿದರು. "ಗೊಂಬೆಗಾ, ಮಗೂಗಾ?" ಅಂದರು. ಮಗುವಿಗೆ ಎಂದೆ. "ಹಂಗಾದ್ರೆ ಮಗೂನ ಕರ್ಕೊಂಬನ್ನಿ ಅಣ್ಣ. ಇದು ಚುಚ್ತು ಅಂತ ಅಳಲ್ಲ."

ಭಾನುವಾರ ಅತ್ತಿಗೆ, ನಾನು, ಮಗು ಮೂವರೂ ಹೋದೆವು. ಸಾಹೇಬರು ಒಂದೊಂದಾಗಿ ಹಾಕಿದರು, ಮಗು ಒಂದೊಂದಾಗಿ ಕಿತ್ತೆಸೆಯಿತು. ಗಿಡ್ಡ ಶೂಗಳೆಲ್ಲ ಹಿಮ್ಮಡಿಯಿಂದ ಜಾರಿ ಬರುತ್ತಿದ್ದವು. ಕೊನೆಗೆ ಕಾಲಿನ ಗಂಟಿನವರೆಗೂ ಬರುವ, ಮೇಲೆ ಪಟ್ಟಿ ಸುತ್ತಿ ಅಂಟಿಸುವ ಒಂದು ಜೊತೆ ಸಿಕ್ಕಿತು. ಕಡು ನೀಲಿ. ಅಟ್ಟೆ ಬಾಗಬೇಕಾದಲ್ಲೇ ಬಾಗಿತು, ಮುಂದೆ ಜಾಗವೂ ಇತ್ತು. ತೊಂದರೆ ಗೆಜ್ಜೆಯದು. ಹೆಸರಿಟ್ಟ ದಿನ ಹಾಕಿದ ಬೆಳ್ಳಿಯ ಕಾಲ್ಗೆಜ್ಜೆ ಸರಿಯಾಗಿ ಆ ಪಟ್ಟಿಯ ಕೆಳಗೇ ಬರುತ್ತಿತ್ತು. ಹಾಗೇ ಬಿಗಿದರೆ ಗುಂಡುಗಳು ಚರ್ಮಕ್ಕೆ ಒತ್ತಿ ಕೆಂಪು ಕಲೆಯಾಯಿತು. ಗೆಜ್ಜೆ ಬಿಚ್ಚೋಣ ಅಂದವನು ನಾನು. ಅತ್ತಿಗೆ ಹಿಂದೆಮುಂದೆ ನೋಡಿದರು. ಕಾಲಿನ ಗಂಟಿನ ಬಗ್ಗೆ ನನಗೆ ಗೊತ್ತಿದ್ದನ್ನು ಅಷ್ಟನ್ನೂ ಅಲ್ಲೇ ನಿಂತು ಹೇಳಿದೆ. ಅವರು ಗೆಜ್ಜೆಯ ಕೊಂಡಿ ಬಿಚ್ಚಿ, ಕರ್ಚೀಫಿನಲ್ಲಿ ಗಂಟು ಕಟ್ಟಿ, ಪರ್ಸಿಗೆ ಹಾಕಿಕೊಂಡರು.

ಮನೆಗೆ ಬಂದಾಗ ಅವ್ವ ಅಡುಗೆಮನೆಯಲ್ಲಿದ್ದಳು. ಮಗು ಶೂ ಹಾಕಿಕೊಂಡೇ ಹೊಸಿಲು ದಾಟಿ ಅವಳ ಹತ್ತಿರ ಹೋಯಿತು. ಸೀರೆ ಹಿಡಿದು ಎಳೆದಾಗ ಅವ್ವ ಬೆಚ್ಚಿದಳು. ಬಗ್ಗಿ ಕಾಲು ಮುಟ್ಟಿ ನೋಡಿ, ಗೆಜ್ಜೆ ಎಲ್ಲಿ ಎಂದು ಕೇಳಿದಳು. ಬಿಚ್ಚಿದ್ದೇವೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದಳು. ಆಮೇಲೆ ಈ ವಯಸ್ಸಿಗೆ ಶೂ ಬೇಡವೇ ಬೇಡ, ನೆಲ ಮೆಟ್ಟಿಯೇ ಕಾಲು ಗಟ್ಟಿಯಾಗಬೇಕು ಅಂದಳು. ನಿಜ ಹೇಳಬೇಕೆಂದರೆ ವಿಡಿಯೋಗಳೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದವು. ಆದರೆ ಜಲ್ಲಿ ಇರುವ ಅಂಗಳದ ಮಾತು ಬೇರೆ ಎಂದು ನಾನು ವಾದ ಮಾಡಿದೆ. ಅವ್ವ ಶೂ ಮೇಲೆ ಕೈಯಾಡಿಸಿ, "ಎಳೆ ಕೂಸಿಗೆ ಕರಿ ಶೂ ಯಾಕ್ ತಂದೆ?" ಅಂದಳು. ಅಡುಗೆಮನೆಯಲ್ಲಿ ಬೆಳಕು ಕಡಿಮೆ, ಕಡು ನೀಲಿ ಕರಿಯಾಗಿ ಕಂಡಿರಬೇಕು ಅಂದುಕೊಂಡೆ. ಪಾದದ ಬಗ್ಗೆ ಅಷ್ಟು ಓದಿದವನಿಗೆ ಕಣ್ಣಿನ ಬಗ್ಗೆ ಏನೂ ಹೊಳೆಯಲಿಲ್ಲ.

ಮಂಗಳವಾರ ಕಾರ್ಖಾನೆಯಲ್ಲಿ ಬೆಳಗ್ಗೆಯೇ ಕರೆಂಟ್ ಹೋಯಿತು. ಲೇತ್ ನಿಂತರೆ ನಮಗೆ ಕೆಲಸವಿಲ್ಲ. ಹನ್ನೊಂದಕ್ಕೆಲ್ಲ ಊರಿಗೆ ಬಂದೆ. ರಸ್ತೆಯ ಆಚೆ ಬದಿಯಿಂದಲೇ ಅಂಗಳ ಕಾಣುತ್ತದೆ. ಅವ್ವ ಅಂಗಳದ ನಡುವೆ ನಿಂತಿದ್ದಳು. ಮಗು ಅವಳಿಂದ ಮೂರು ಮಾರು ದೂರದಲ್ಲಿ, ನೀರಿನ ತೊಟ್ಟಿಯ ನೆರಳಿನಲ್ಲಿ, ತೊಟ್ಟಿಯ ಗೋಡೆ ಹಿಡಿದು ನಿಂತಿತ್ತು. ಬಾಯಿಗೆ ಏನನ್ನೋ ಹಾಕಿಕೊಂಡು ಚೀಪುತ್ತಿತ್ತು. ಅವ್ವ ರಸ್ತೆಯ ಕಡೆ ಮುಖ ಮಾಡಿ ಮಗುವನ್ನು ಕರೆಯುತ್ತಿದ್ದಳು.

ಮೊದಲಿಗೆ ಕಣ್ಣಾಮುಚ್ಚಾಲೆ ಅಂದುಕೊಂಡೆ. ಆದರೆ ಅವ್ವ ಬಲಗೈಯನ್ನು ಮುಂದಕ್ಕೆ ಚಾಚಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಕಿವಿಯನ್ನು ನೆಲದ ಕಡೆ ಕೊಟ್ಟು ನಡೆಯುತ್ತಿದ್ದಳು. ಕಬ್ಬಾಳಿನ ಗಾಡಿಯೊಂದು ಹೋದರೆ ನಿಲ್ಲುವಳು, ಅದರ ಸದ್ದು ಮುಗಿದ ಮೇಲೆ ಮತ್ತೆ ಕರೆಯುವಳು. ಹಾಗೇ ರಸ್ತೆಯ ಅಂಚಿನವರೆಗೂ ಬಂದಳು. ಎದುರು ಬದಿಯಲ್ಲಿ ನಾನು ನಿಂತಿದ್ದೆ. ನನ್ನನ್ನು ನೋಡಿದಳು, ಆದರೆ ನನ್ನ ಗುರುತು ಹಿಡಿಯಲಿಲ್ಲ. "ಯಪ್ಪಾ, ಈ ಕಡೆ ಒಂದು ಕೂಸು ಬಂತಾ?" ಎಂದು ನನ್ನನ್ನೇ ಕೇಳಿದಳು.

ನಾನು ರಸ್ತೆ ದಾಟಿ, ಅವಳನ್ನು ಬಳಸಿ ಹೋಗಿ ಮಗುವನ್ನು ಎತ್ತಿಕೊಂಡೆ. ಬಾಯೊಳಗಿನಿಂದ ಜಲ್ಲಿಕಲ್ಲೊಂದನ್ನು ತೆಗೆದೆ. ಮಗು ಅತ್ತಿತು. ಆ ಸದ್ದಿಗೆ ಅವ್ವ ತಿರುಗಿ ನೇರ ನಮ್ಮ ಹತ್ತಿರ ಬಂದಳು. ಬಂದವಳು ಜಗಲಿಯ ಮೇಲೆ ಕುಳಿತುಬಿಟ್ಟಳು.

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಎಡಗಣ್ಣು ಹೋದ ದೀಪಾವಳಿಯಿಂದಲೇ ಮಂಜು, ಬಲಗಣ್ಣು ಯುಗಾದಿಯ ಈಚೆಗೆ ಎಂದಳು. ಅಲ್ಲಿಂದ ಮಗುವನ್ನು ಗೆಜ್ಜೆಯಲ್ಲೇ ನೋಡಿಕೊಳ್ಳುತ್ತಿದ್ದಳು. ಅಂಬೆಗಾಲಿಟ್ಟರೆ ಒಂದು ಸದ್ದು, ಹೊಸಿಲು ಹತ್ತಿದರೆ ಒಂದು, ಕುಳಿತು ಕಾಲಾಡಿಸಿದರೆ ಇನ್ನೊಂದು. ಸದ್ದೇ ಇಲ್ಲದಿದ್ದರೆ ಬಾಯಿಗೆ ಏನೋ ಹಾಕಿಕೊಂಡಿದೆ ಎಂದು ಅರ್ಥ. ಆಗ ಕೊನೆಯ ಸಲ ಸದ್ದು ಬಂದ ಜಾಗಕ್ಕೆ ಹೋಗುತ್ತಿದ್ದಳು. ಇಷ್ಟು ತಿಂಗಳು ಒಂದು ದಿನವೂ ಮಗು ಅವಳ ಕೈ ತಪ್ಪಿರಲಿಲ್ಲ.

"ಗೆಜ್ಜೆ ಒಂದಿದ್ರೆ ನಂಗೆ ಕಣ್ಣು ಬ್ಯಾಡ ಕಣ್ಲಾ. ನಿಮ್ಮತ್ತಿಗೆಗೆ ಯೋಳ್ಬ್ಯಾಡ. ಕೂಸ್ನ ಮಾಗಡಿಗೆ ಬುಟ್ಬುಡ್ತಾಳೆ."

ಗಿಡ್ಡ ಶೂ ತಂದರೆ ಗೆಜ್ಜೆಯನ್ನೂ ಹಾಕಬಹುದಿತ್ತು. ಜಾರದ ಹಾಗೆ ಒಳಗೊಂದು ಪಟ್ಟಿ ಹೊಲಿಸಿದರೆ ಆಗುತ್ತಿತ್ತು. ನನ್ನ ತಲೆ ಮೊದಲು ಓಡಿದ್ದು ಆ ಕಡೆಗೇ. ಆದರೆ ಮುಂದಿನ ಬೇಸಿಗೆಗೆ ಮಗು ಓಡುತ್ತದೆ, ಕಬ್ಬಾಳಿನ ಗಾಡಿಗಳು ಗೆಜ್ಜೆ ಕೇಳಿ ನಿಲ್ಲುವುದಿಲ್ಲ. ಸಂಜೆ ಅತ್ತಿಗೆ ಬಂದ ಕೂಡಲೇ ನೀನೇ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದೆ. ಅವ್ವ ಎದ್ದು ಹೋಗಿ ಮುದ್ದೆಗೆ ನೀರಿಟ್ಟಳು.

ಅತ್ತಿಗೆ ಬಸ್ಸಿಳಿದು ಬಂದು ಚಪ್ಪಲಿ ಬಿಡುತ್ತಿದ್ದಂತೆ ಅವ್ವ ಬಾಗಿಲಲ್ಲೇ ಹೇಳಿದಳು. "ಆ ಶೂ ಬ್ಯಾಡ ಕಣವ್ವ. ಗೆಜ್ಜೆ ಹಾಕಂಗಿರೋದು ಬೇಕು. ಸದ್ದಿಲ್ದಿದ್ರೆ ಕೂಸು ಎಲ್ಲೈತೆ ಅಂತ ನಂಗೆ ಕಾಣಕಿಲ್ಲ."

ಅತ್ತಿಗೆ ಬ್ಯಾಗ್ ಕೆಳಗಿಡಲಿಲ್ಲ. ನಿಂತಲ್ಲಿಂದಲೇ, ತಾವು ಉಟ್ಟಿರುವ ಸೀರೆ ಯಾವ ಬಣ್ಣ ಎಂದು ಕೇಳಿದರು. ಅವ್ವ ಗೊತ್ತಿಲ್ಲ ಅಂದಳು. ಅತ್ತಿಗೆ ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದು, ಮುಖ ತೊಳೆದುಕೊಂಡು ಬಂದರು. ಬೈಗುಳ ಬರುತ್ತದೆ ಎಂದು ನಾನೂ ಅಣ್ಣನೂ ಕಾದೆವು. ಬರಲಿಲ್ಲ. "ನಾಳೆ ಆಸ್ಪತ್ರೆಗೆ ಹೋಗನ ಅತ್ತೆ. ಕೂಸು ಅಲ್ಲೀಗಂಟ ಮಾಗಡೀಲಿರ್ಲಿ. ಆಮೇಕೆ ನೋಡನ" ಅಂದರು. ಆ ಕೊನೆಯ ಮಾತಿಗೆ ಏನರ್ಥ ಎಂದು ಅವ್ವ ಕೇಳಲಿಲ್ಲ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಾಮನಗರದಲ್ಲಿ ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಭಾರ ಎತ್ತಬಾರದು, ಒಲೆ ಊದಬಾರದು, ಕಣ್ಣಿಗೆ ನೀರು ಸೋಕಬಾರದು. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದಳು. ಮಾಗಡಿಯಿಂದ ಫೋನ್ ಬಂದರೆ, ಗೆಜ್ಜೆ ಹಾಕಿದ್ದೀರಾ ಎಂಬುದೊಂದನ್ನೇ ಕೇಳುತ್ತಿದ್ದಳು. ಇಲ್ಲಿ ಅದರ ಅವಶ್ಯಕತೆ ಇಲ್ಲ ಎಂದು ಅವರು ಹೇಳಿದರು. ಮೂರನೇ ವಾರ ಅವ್ವ ಕಿಟಕಿಯಲ್ಲಿದ್ದ ಶೂ ಎತ್ತಿಕೊಂಡು ಬೆಳಕಿಗೆ ಹಿಡಿದು, ಇದು ನೀಲಿ ಅಲ್ಲವೇನೋ ಎಂದು ನನ್ನನ್ನು ಕೇಳಿದಳು. ಹೌದು ಎಂದೆ. ಇಷ್ಟು ನೀಲಿಯನ್ನು ನೋಡಿಯೇ ಬಹಳ ದಿನವಾಗಿತ್ತು ಎಂದು ಹೇಳಿ ಅಲ್ಲೇ ಇಟ್ಟಳು.

ಆರನೇ ವಾರ ಅತ್ತಿಗೆ ಮಾಗಡಿಗೆ ಹೋಗಿ ಮಗುವನ್ನು ಕರೆದುಕೊಂಡು ಬಂದರು. ಕರೆತರುತ್ತೇನೆ ಎಂದು ಅವ್ವನಿಗೆ ಹೇಳಿರಲಿಲ್ಲ. ಇರಲು ತಂದರೋ ತೋರಿಸಿಕೊಂಡು ಹೋಗಲು ತಂದರೋ ನನಗೂ ಗೊತ್ತಿರಲಿಲ್ಲ. ಮಗುವಿನ ಬಟ್ಟೆಯ ಬ್ಯಾಗ್ ಅತ್ತಿಗೆಯ ಹೆಗಲ ಮೇಲೆಯೇ ಇತ್ತು. ಅವ್ವ ಜಗಲಿಯ ಆ ತುದಿಯಲ್ಲಿ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದಳು. ಅತ್ತಿಗೆ ನನಗೆ ಸುಮ್ಮನಿರು ಎಂದು ಕೈ ಮಾಡಿ, ಮಗುವನ್ನು ಅಂಗಳದ ಈ ತುದಿಯಲ್ಲಿ ಇಳಿಸಿ, ತಾವು ತೊಟ್ಟಿಯ ಹಿಂದೆ ಸರಿದು ನಿಂತರು. ಬರಿಗಾಲು, ಗೆಜ್ಜೆಯಿಲ್ಲ. ಮಗು ನಾಲ್ಕು ಹೆಜ್ಜೆ ಇಟ್ಟು, ಬಗ್ಗಿ, ಏನನ್ನೋ ಹೆಕ್ಕಿ ಬಾಯಿಗಿಟ್ಟಿತು.

ಅವ್ವ ತಲೆಯೆತ್ತಿದಳು.

"ಉಗಿ ಮಗಾ ಅದ. ಜಲ್ಲಿಕಲ್ಲು ಅದು" ಅಂದಳು.

ಮಗು ಉಗಿಯಿತು. ಅತ್ತಿಗೆ ತೊಟ್ಟಿಯ ಹಿಂದಿನಿಂದ ಬಂದು, ಬಟ್ಟೆಯ ಬ್ಯಾಗ್ ಒಳಗೆ ಇಟ್ಟರು. ಹಿಂದಿರುಗಿ ಬರುವಾಗ ಕರ್ಚೀಫಿನ ಗಂಟೂ ನೀಲಿ ಶೂಗಳೂ ಕೈಯಲ್ಲಿದ್ದವು. ಶೂ ಹಾಕಿ ನೋಡಿದರೆ ಮುಂದೆ ಬಿಟ್ಟಿದ್ದ ಬೆರಳಷ್ಟು ಜಾಗ ಆಗಲೇ ಅರ್ಧ ತುಂಬಿತ್ತು. ನಾನು ರಟ್ಟು, ಪೆನ್ಸಿಲ್ ತಂದೆ. ಮಗುವನ್ನು ನಿಲ್ಲಿಸಿ ಅವ್ವ ಅದರ ಮಂಡಿ ಹಿಡಿದುಕೊಂಡಳು. ನಾನು ಗೆರೆ ಎಳೆಯುವ ಮೊದಲು ಅತ್ತಿಗೆ ಗೆಜ್ಜೆಯನ್ನು ಹಾಕಿ ಕೊಂಡಿ ಬಿಗಿದರು. ಇನ್ನೇಕೆ ಎಂದು ನಾನು ಕೇಳಿದೆ.

"ಇನ್ನೊಂದು ಕಣ್ಣು ಬಾಕಿ ಐತಲ್ಲ" ಅಂದರು ಅತ್ತಿಗೆ. "ಈ ಸಲ ಗೆಜ್ಜೆ ಸೇರ್ಸೇ ಅಳತೆ ತಗೋ."