ನಾಲ್ಕೂ ಇಪ್ಪತ್ತರ ರುಚಿ

ಮೊಂಧೆರ್ ಎಲ್ಲೂಜ್‌ನ ನಾಲಿಗೆಯ ಮೇಲೆ ಸ್ಫಾಕ್ಸ್ ಪಟ್ಟಣದ ಅರ್ಧ ಎಣ್ಣೆ ಬೀದಿಗೆ ನಂಬಿಕೆಯಿತ್ತು, ಉಳಿದರ್ಧಕ್ಕೆ ಹೊಟ್ಟೆಕಿಚ್ಚು. ನೀಲಿ ಗಾಜಿನ ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಇನ್ನೊಂದು ಅಂಗೈ ಮುಚ್ಚಿ, ಮೂಸಿ, ಒಂದು ಗುಟುಕು ಹೀರಿ, ಹಲ್ಲಿನ ಸಂದಿಯಿಂದ ಸುರ್ರೆಂದು ಗಾಳಿ ಎಳೆದನೆಂದರೆ, ಆಲಿವ್ ಯಾವ ತೋಟದ್ದು, ಗಾಣಕ್ಕೆ ಹೋಗುವ ಮುಂಚೆ ಎಷ್ಟು ದಿನ ಚೀಲದಲ್ಲಿ ಬೆವರಿತ್ತು ಎಂದು ಹೇಳಿಬಿಡುತ್ತಿದ್ದ. ನಾಲ್ಕು ಜನ ಮರ್ಯಾದಸ್ಥರ ನಡುವೆ ಮಾಡಬಾರದ ಆ ಸದ್ದಿನಿಂದಲೇ ಅವನ ಮನೆ ನಡೆಯುತ್ತಿತ್ತು.

ಇಪ್ಪತ್ತು ವರ್ಷದ ರುಚಿಯೆಲ್ಲ ನೋಟ್‌ಪುಸ್ತಕಗಳಲ್ಲಿತ್ತು. ಎಣ್ಣೆ ವ್ಯಾಪಾರಿಯ ಪುಸ್ತಕಕ್ಕೆ ಗೆದ್ದಲಿನ ಭಯವಿಲ್ಲ, ಎಣ್ಣೆಯದೇ ಭಯ. ಒಂದು ಡಬ್ಬಿ ಮಗುಚಿ ಏಳು ಪುಸ್ತಕ ನೆನೆದು, ಹಿಂದಿನ ಪುಟದ ಅಕ್ಷರ ಮುಂದಿನ ಪುಟದಲ್ಲಿ ಕಾಣತೊಡಗಿದ ದಿನ ಅವನ ಹೆಂಡತಿ ನೆಜ್ಲಾ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಕೂರಿಸುವುದು ಅವಳಿಗೆ ಅಭ್ಯಾಸ.

ಅವಳು ಕಟ್ಟಿಕೊಟ್ಟದ್ದು ಅವನೊಬ್ಬನದೇ ವಿಕಿ. ಒಬ್ಬೊಬ್ಬ ಬೆಳೆಗಾರನಿಗೆ ಒಂದು ಪುಟ, ತೋಟಕ್ಕೊಂದು, ಗಾಣಕ್ಕೊಂದು. ಬೆಳೆಗಾರನ ಹೆಸರು ಒತ್ತಿದರೆ ಅವನ ತೋಟ, ತೋಟದಿಂದ ಅದರ ಗಾಣ, ಹೀಗೆ ಕೂತಲ್ಲೇ ಊರೆಲ್ಲ ಅಡ್ಡಾಡಬಹುದು. ಅದರ ಬುಡದಲ್ಲಿ ಗಿಟ್ ಎಂಬ ತಂತ್ರಾಂಶವನ್ನು ಕೂರಿಸಿದ್ದಳು. ಪುಟದಲ್ಲಿ ಏನೇ ಬದಲಾದರೂ ಹಳೆಯದನ್ನು ಎಸೆಯದೆ ಇಟ್ಟುಕೊಳ್ಳುವುದು, ಯಾವ ಗಳಿಗೆಯಲ್ಲಿ ಬದಲಾಯಿತೆಂದು ಗುರುತು ಹಾಕುವುದು, ಯಾಕೆ ಬದಲಿಸಿದೆ ಎಂದು ಒಂದು ಸಾಲು ಬರೆಯುವವರೆಗೂ ಬಿಡದೆ ಕಾಡುವುದು ಅದರ ಕೆಲಸ. ಒಂದು ಪ್ರತಿ ಮನೆಯಲ್ಲಿ, ಒಂದು ಅಂಗಡಿಯಲ್ಲಿ. ದಿನಕ್ಕೊಮ್ಮೆ ಎರಡನ್ನೂ ಸರಿದೂಗಿಸಬೇಕು.

"ಇದೇನು, ನನ್ನತ್ತೆ ಇದ್ದ ಹಾಗಿದೆ," ಎಂದ ಮೊಂಧೆರ್. "ಏನೂ ಮರೆಯಲ್ಲ, ಎಲ್ಲದಕ್ಕೂ ಯಾಕೆ ಅಂತ ಕೇಳತ್ತೆ."

"ನಮ್ಮಮ್ಮ ಗಂಟೆ ನಿಮಿಷ ನೆನಪಿಟ್ಕೊಳ್ಳಲ್ಲ. ಇದು ಇಟ್ಕೊಳ್ಳತ್ತೆ. ಹುಷಾರು," ಎಂದಳು ನೆಜ್ಲಾ.

ಮೊದಮೊದಲು ಅವನು ಬರೆದ ಕಾರಣಗಳು ಹೀಗಿದ್ದವು: "ಬದಲಾಯಿಸಿದೆ." "ಮತ್ತೆ ಬದಲಾಯಿಸಿದೆ." "ನೆಜ್ಲಾ ಬೈದಳು." ಆಮೇಲೆ ಕೈ ಕುದುರಿತು. ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಮುನ್ನೂರು ಪುಟವಾಗಿ, ಬೀದಿಯಲ್ಲೆಲ್ಲ ಅದರ ಸುದ್ದಿಯಾಯಿತು. ಈ ನವೆಂಬರಿನಲ್ಲಿ ಬೆಳೆಗಾರರ ಸಂಘದ ಕಾರ್ಯದರ್ಶಿ ಸ್ವತಃ ಅಂಗಡಿಗೆ ಬಂದು, ಕಾಫಿ ಕುಡಿದು, ವಿಕಿಯ ಒಂದು ಪ್ರತಿಯನ್ನು ಸಂಘಕ್ಕೂ ಕೊಡಬೇಕೆಂದು ಕೇಳಿದ. "ಹಳೇದು ಹೊಸದು ಎಲ್ಲಾ ಸೇರಿ ಕೊಡಿ ಮೊಂಧೆರ್ ಸಾಹೇಬ್ರೇ. ಗುರುವಾರ ಯಾರ್ಯಾರ ಎಣ್ಣೆ ಸಂಘದ ಡಬ್ಬಿಗೆ ಅಂತ ಈ ಸಲದ ಪಟ್ಟಿ ಮುಗಿಸ್ತೀವಿ. ನಿಮ್ಮ ಮಾತೇ ನಮಗೆ ಮುದ್ರೆ."

ಹೊಗಳಿಕೆ ಕೇಳಿ ಮೊಂಧೆರ್‌ನ ಮುಖ ಸೊಪ್ಪಾಯಿತು. ಕಾರ್ಯದರ್ಶಿ ಅದನ್ನು ವಿನಯವೆಂದುಕೊಂಡು ಇನ್ನೊಂದು ಕಾಫಿ ಕುಡಿದ.

ವಿಷಯವಿದ್ದದ್ದು ಮಬ್ರೂಕಾಳ ಪುಟದಲ್ಲಿ. ಮಬ್ರೂಕಾ ಅಗಾರೆಬ್ ಎಂಬ ಊರಿನ ಕಡೆಯ ವಿಧವೆ, ಎಪ್ಪತ್ತರ ಆಸುಪಾಸು, ಅರವತ್ತು ಮರದ ಒಡತಿ. ಕಳೆದ ಮಾರ್ಚಿನಲ್ಲಿ ಬಂದ ರಂಜಾನಿನಲ್ಲಿ, ಸುಗ್ಗಿಯ ಕೊನೆಗೆ, ತನ್ನ ಎಣ್ಣೆಯನ್ನು ಪರೀಕ್ಷೆಗೆ ತಂದಿದ್ದಳು. ಆ ತಿಂಗಳು ರುಚಿ ನೋಡುವವರೆಲ್ಲ ಸೂರ್ಯ ಮುಳುಗಿ ಉಪವಾಸ ಬಿಟ್ಟ ಮೇಲೆಯೇ ಲೋಟ ಮುಟ್ಟುವುದು. ಆದರೆ ಅಂದು ಸಂಜೆ ಅಣ್ಣನ ಮನೆಯಲ್ಲಿ ಊಟವಿತ್ತು. ಮುದುಕಿಯನ್ನು ಕಾಯಿಸುವುದೇಕೆ ಎಂದು ಮೊಂಧೆರ್ ತನಗೆ ತಾನೇ ಹೇಳಿಕೊಂಡ, ತಾನು ಕಾಯಲಾರದ್ದನ್ನು ಹೇಳಿಕೊಳ್ಳಲಿಲ್ಲ. ಬರೀ ಮೂಸಿದ. ಬೂಷ್ಟು ವಾಸನೆ ಬಂತು. "ರುಚಿ ನೋಡಿದೆ: ಗಂಟಲಲ್ಲಿ ಖಾರ ಕಡಿಮೆ, ಬೂಷ್ಟು" ಎಂದು ಪುಟದಲ್ಲಿ ಬರೆದ. ಸಂಘದ ಮುದ್ರೆಯ ಡಬ್ಬಿಗಳಿಗೆ ಅವಳ ಎಣ್ಣೆ ಸೇರಲಿಲ್ಲ.

ಹಬ್ಬ ಕಳೆದು ವಾರದ ಮೇಲೆ, ಎತ್ತಿಟ್ಟ ಮಾದರಿ ಶೀಶೆಗಳನ್ನು ಇನ್ನೊಮ್ಮೆ ನೋಡುವಾಗ ಅವಳದ್ದೂ ಕೈಗೆ ಬಂತು. ಆರ್ಟಿಚೋಕ್ ಎನ್ನುವ ಹಸಿ ಪಲ್ಲೆಹೂವಿನ ಸೊಗಡು, ಎಳೆ ಬಾದಾಮಿ, ಕೊನೆಗೆ ಗಂಟಲು ಹಿಡಿದು ಕೆಮ್ಮಿಸುವ ಖಾರ. ಆ ವರ್ಷದಲ್ಲೇ ಅಷ್ಟು ಒಳ್ಳೆಯ ಎಣ್ಣೆ ಅವನ ಬಾಯಿಗೆ ಬಂದಿರಲಿಲ್ಲ. ಎದ್ದು ಹೋಗಿ ಲೋಟಗಳ ಕಪಾಟಿಗೆ ಮೂಗು ಹಾಕಿದ. ಒಳಗೊಂದು ಒದ್ದೆ ಬಟ್ಟೆ ಯಾವಾಗಿನಿಂದಲೋ ಕೊಳೆಯುತ್ತಿತ್ತು. ಬೂಷ್ಟು ಹಿಡಿದದ್ದು ಲೋಟಕ್ಕೆ.

ಅಷ್ಟರಲ್ಲಿ ಅವಳ ಎಣ್ಣೆ ಅಗ್ಗಕ್ಕೆ ಸಾಬೂನು ಮಾಡುವವನ ಪಾಲಾಗಿತ್ತು. ಮೊಂಧೆರ್ ಪುಟ ತೆರೆದು "ಬೂಷ್ಟು" ಅಳಿಸಿ, ಪಲ್ಲೆಹೂವು ಬಾದಾಮಿ ಬರೆದ. ಯಾಕೆ ಬದಲಿಸಿದೆ ಎಂದು ತಂತ್ರಾಂಶ ಕೇಳಿತು. "ಸಾಲುಗಳ ಓರಣ" ಎಂದ. ತಿದ್ದಿದ್ದನ್ನು ಯಾರಿಗೂ ಹೇಳಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಸಂಘದಲ್ಲಿ ಬೂಷ್ಟೆಂದು ಬರೆದ ಮಾರ್ಚಿನ ಕಾಗದವೇ ಗೋಡೆ ಮೇಲಿತ್ತು; ಈ ಸಲದ ಕರಡು ಪಟ್ಟಿಯಲ್ಲೂ ಮಬ್ರೂಕಾ ಇರಲಿಲ್ಲ. ಅಂದಿನಿಂದ ಅವನು ಅಗಾರೆಬ್ ಬಸ್ಸು ನಿಲ್ಲುವ ಮೂಲೆಯನ್ನು ಬಿಟ್ಟು, ಸುತ್ತು ಹಾಕಿ ಅಂಗಡಿಗೆ ಬರುತ್ತಿದ್ದ. ವೈದ್ಯರು ನಡೆಯಲು ಹೇಳಿದ್ದಾರೆ ಎನ್ನುತ್ತಿದ್ದ.

ಮಂಗಳವಾರ ಬೆಳಿಗ್ಗೆ ಅಂಗಡಿಯಲ್ಲಿ ಕೂತು, ಹಳೆಯ ಚರಿತ್ರೆಯನ್ನೇ ಹೊಸದಾಗಿ ಹೆಣೆಯುವುದು ಹೇಗೆಂದು ಓದಿದ. ಆಗುವ ಕೆಲಸವೇ. ಒಂದು ಗಂಟೆಯಲ್ಲಿ ಬೂಷ್ಟೂ ಇಲ್ಲ, ಓರಣವೂ ಇಲ್ಲ. ಮಬ್ರೂಕಾಳ ಪುಟ ಹುಟ್ಟಿದಾಗಿನಿಂದಲೂ ಪಲ್ಲೆಹೂವಿನ ಪರಿಮಳ. ಮಧ್ಯಾಹ್ನ ಮೀನಿನ ಕುಸ್‌ಕುಸ್ ನೆನೆಯುತ್ತ ಮನೆಗೆ ಹೋದ.

ಕುಸ್‌ಕುಸ್ ಮೇಜಿನ ಮೇಲೆ ಆರುತ್ತಿತ್ತು. ನೆಜ್ಲಾ ಕಂಪ್ಯೂಟರಿನ ಮುಂದಿದ್ದಳು.

"ಅಂಗಡಿ ಪ್ರತಿಗೂ ಮನೆ ಪ್ರತಿಗೂ ಜಗಳ ಕಣೋ. ಮಾರ್ಚಿಂದ ಈಚೆಗೆ ಇಬ್ಬರ ಕಥೆ ಬೇರೆ ಬೇರೆ ಅಂತಿದೆ."

"ವೈರಸ್ ಇರ್ಬೇಕು."

"ಇದೆ. ನಿನ್ನ ಹೆಸರಲ್ಲೇ ಬಂದಿದೆ." ಅವಳು ಪರದೆಗೆ ಬೆರಳಿಟ್ಟು ಓದಿದಳು. "ರಂಜಾನ್ ಹನ್ನೆರಡನೇ ದಿನ, ಸಂಜೆ ನಾಲ್ಕೂ ಇಪ್ಪತ್ತು. 'ರುಚಿ ನೋಡಿದೆ.' ಉಪವಾಸ ಮುರಿದ್ಯಾ?"

"ಛೆ! ದೇವರಾಣೆ ಇಲ್ಲ."

"ಹಾಗಾದ್ರೆ ಖಾರ ಕಡಿಮೆ ಅಂತ ನಿನ್ನ ಗಂಟಲಿಗೆ ಹೇಗೆ ಗೊತ್ತಾಯ್ತು?"

ಮೊಂಧೆರ್ ಬೂಷ್ಟಿಗಷ್ಟೇ ಹೆದರಿದ್ದ, ಗಡಿಯಾರ ಅವನ ತಲೆಗೆ ಹೊಳೆದಿರಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ರುಚಿ ನೋಡಿದವನು ವ್ರತಗೇಡಿ, ನೋಡದವನು ಸುಳ್ಳುಗಾರ. ಮೂರನೆಯ ಕುರ್ಚಿ ಇರಲಿಲ್ಲ. ಅವನು ಸುಳ್ಳುಗಾರನ ಕುರ್ಚಿಯಲ್ಲೇ ಕೂತು ಎಲ್ಲವನ್ನೂ ಹೇಳಿದ.

"ಅವಳಿಗೆ ಹೇಳಿದ್ಯಾ?"

"ಇಲ್ಲ."

"ಎಷ್ಟು ತಿಂಗಳಾಯ್ತು?"

"ಎಂಟು."

ನೆಜ್ಲಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತು. "ಈ ಪ್ರತಿ ಅಳಿಸೋಕೆ ಎರಡು ಸಾಲು ಸಾಕು. ನನಗೂ ಬರತ್ತೆ, ಈಗ ನಿನಗೂ ಬರತ್ತೆ. ನಾನಂತೂ ಅಳಿಸಲ್ಲ," ಎಂದು ಎದ್ದು, ಕುಸ್‌ಕುಸ್ ಬಿಸಿ ಮಾಡಲು ಒಯ್ದಳು.

ಮೊಂಧೆರ್ ಊಟಕ್ಕೆ ಕೂರಲಿಲ್ಲ. ಅಂಗಡಿಗೆ ಹೋಗಿ, ಬೆಳಿಗ್ಗೆ ಹೆಣೆದದ್ದನ್ನು ಕಿತ್ತು, ಮನೆಯ ಪ್ರತಿಯನ್ನೇ ಅಲ್ಲಿ ಇಳಿಸಿ, ಲ್ಯಾಪ್‌ಟಾಪ್ ಬಗಲಲ್ಲಿಟ್ಟು ಅಗಾರೆಬ್ ಬಸ್ಸು ಹತ್ತಿದ. ಅಷ್ಟು ತಿಂಗಳ ಮೇಲೆ ಆ ಮೂಲೆಗೆ ಬಂದಿದ್ದ.

ಮಬ್ರೂಕಾ ಅಂಗಳದಲ್ಲಿ ಚಾಪೆಯ ಮೇಲೆ ಆಲಿವ್ ಹರವಿಕೊಂಡು ಎಲೆ ಆರಿಸುತ್ತಿದ್ದಳು.

"ಬಾರೋ ಮಹರಾಯ. ದಾರಿ ತಪ್ಪಿದ್ಯಾ, ಬಸ್ಸು ತಪ್ಪಿತಾ?"

"ಖಾಲ್ತಿ," ಎಂದ, ಚಿಕ್ಕಮ್ಮನನ್ನು ಕರೆಯುವ ದನಿಯಲ್ಲಿ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಬಸ್ಸಿನಲ್ಲೇ ಉಳಿದುಹೋಗಿತ್ತು. "ನಿಮ್ಮೆಣ್ಣೇಲಿ ಬೂಷ್ಟಿರಲಿಲ್ಲ. ನನ್ನ ಲೋಟದಲ್ಲಿತ್ತು. ನಾನು ರುಚಿ ನೋಡಿರಲೇ ಇಲ್ಲ."

"ಗೊತ್ತು."

"ಗೊತ್ತಾ?"

"ನಾನಲ್ಲೇ ಕೂತಿರಲಿಲ್ವೇನೋ? ಲೋಟ ಎಷ್ಟಿತ್ತೋ ಅಷ್ಟೇ ವಾಪಸ್ ಬಂತು. ಆ ನಿನ್ನ ಹಂದಿ ನೀರು ಕುಡಿಯೋ ಸದ್ದೂ ಕೇಳಲಿಲ್ಲ."

"ಮತ್ತೆ ಸಂಘದಲ್ಲಿ ಹೇಳ್ಬೇಕಿತ್ತು."

"ಏನಂತ? ರುಚಿ ನೋಡ್ಲಿಲ್ಲ ಅಂದ್ರೆ ಉಪವಾಸದ ಮನುಷ್ಯನ್ನ ಸುಳ್ಳುಗಾರ ಅಂದ ಹಾಗೆ. ನೋಡಿದ ಅಂದ್ರೆ ಇನ್ನೂ ಕೆಟ್ಟದ್ದು. ಆ ತಿಂಗಳಲ್ಲಿ ಎರಡೂ ನನ್ನ ಬಾಯಿಗೆ ಬರ್ಲಿಲ್ಲ. ನೀನೇ ಬರ್ತೀಯ ಅಂತ ಹಬ್ಬದವರೆಗೂ ಕಾದೆ." ಅವಳು ಒಂದು ಎಲೆಯನ್ನು ಆಚೆಗೆ ಎಸೆದಳು. "ಸಾಬೂನಿನವನು ಬಂದ."

ಮುದುಕಿ ಒಳಗೆ ಹೋಗಿ ನೀರಿನ ಚೊಂಬು, ಹಸಿರು ಸಾಬೂನಿನ ಗಟ್ಟಿ, ಮೊನ್ನೆ ಗಾಣದಿಂದ ಬಂದ ಎಣ್ಣೆಯ ಬಟ್ಟಲು ತಂದಳು.

"ಮೊದ್ಲು ಕೈ ತೊಳ್ಕೋ. ಈ ಸಾಬೂನು ನನ್ನೆಣ್ಣೇದೇ, ಹೋದ ಸಲದ್ದು. ಸಾಬೂನಿನವನು ನಾಲ್ಕು ಗಟ್ಟಿ ಸುಮ್ನೆ ಕೊಟ್ಟ, ಒಳ್ಳೆಯವನು."

ಅವನು ತೊಳೆದ. ಒದ್ದೆ ಕೈಯನ್ನು ಮೂಗಿಗೆ ಹಿಡಿದ. ಏನೂ ವಾಸನೆಯಿರಲಿಲ್ಲ. ಪಲ್ಲೆಹೂವಿಲ್ಲ, ಬಾದಾಮಿಯಿಲ್ಲ. ಇಪ್ಪತ್ತು ವರ್ಷದಲ್ಲಿ ಅವನ ಮೂಗು ಅಷ್ಟು ಹುಡುಕಿರಲಿಲ್ಲ. ಆಮೇಲೆ ಬಟ್ಟಲೆತ್ತಿ, ಹೀರಿ, ಸುರ್ರೆಂದು ಎಳೆದ. ಗಂಟಲು ಹಿಡಿದು ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು.

"ಖಾರಕ್ಕಾ?" ಎಂದಳು ಮಬ್ರೂಕಾ.

"ಖಾರಕ್ಕೇ," ಎಂದ.

ಚಾಪೆಯ ಅಂಚಿನಲ್ಲೇ ಕೂತು ಪುಟ ತೆರೆದು, ಈ ಸಲದ ರುಚಿ ಬರೆದ. ಯಾಕೆ ಬದಲಿಸಿದೆ ಎಂದು ತಂತ್ರಾಂಶ ಕೇಳಿತು. ಅವನು ಅವಳ ಮುಖ ನೋಡಿದ.

"ನನ್ನನ್ನೇನು ನೋಡ್ತೀಯ? ಕೇಳಿದ್ದು ನಿನ್ನನ್ನ," ಎಂದು ಅವಳು ಎಲೆ ಆರಿಸತೊಡಗಿದಳು.

ಅವನು ಬರೆದ: "ಮಾರ್ಚಿನಲ್ಲಿ ನಾನು ಮೂಸಿದ್ದಷ್ಟೇ, ರುಚಿ ನೋಡಿರಲಿಲ್ಲ. ಬೂಷ್ಟು ನನ್ನ ಲೋಟದ್ದು. ಆಮೇಲೆ ಗೊತ್ತಾಗಿಯೂ ಮುಚ್ಚಿಟ್ಟೆ."

ಬುಧವಾರ ಚರಿತ್ರೆಯ ಸಮೇತ ಇಡೀ ವಿಕಿ ಸಂಘಕ್ಕೆ ಹೋಯಿತು. ಕಾರ್ಯದರ್ಶಿ ಆ ಸಾಲನ್ನು ಎರಡು ಸಲ ಓದಿ, ಕಾಫಿ ತರಿಸಲಿಲ್ಲ. ಮಬ್ರೂಕಾಳ ಎಣ್ಣೆಯನ್ನು ಪರೀಕ್ಷಿಸಲು ಮಹ್ದಿಯಾ ಊರಿನಿಂದ ಬೇರೊಬ್ಬರನ್ನು ಕರೆಸಿದರು. ಗುರುವಾರದ ಪಟ್ಟಿಯಲ್ಲಿ ಅವಳ ಹೆಸರು ಮೂರನೆಯದಾಗಿ ಬಂತು. ಉಳಿದವರ ಎಣ್ಣೆಯನ್ನೂ ಈ ಸಲ ಆ ಮಹ್ದಿಯಾದವರೇ ನೋಡಲಿ ಎಂದರು ಸಂಘದವರು, ಬಹಳ ಮರ್ಯಾದೆಯಿಂದ.

ಅಗಾರೆಬ್‌ನಿಂದ ಬರುವಾಗ ಮುದುಕಿ ಒಂದು ಗಟ್ಟಿ ಸಾಬೂನು ಕೈಗಿತ್ತಿದ್ದಳು. ಅದು ಅಂಗಡಿಯ ಬಚ್ಚಲಿನಲ್ಲಿದೆ. ಗಿರಾಕಿಗಳು ಅದರಲ್ಲೇ ಕೈ ತೊಳೆಯುತ್ತಾರೆ. ಮೊಂಧೆರ್ ಮಾತ್ರ ಬರೀ ನೀರಿನಲ್ಲಿ ತೊಳೆದುಕೊಳ್ಳುತ್ತಾನೆ; ಅದು ಬೇಗ ಸವೆದುಹೋಗಲಿ ಎಂದು ಅಲ್ಲಿಟ್ಟನೋ, ಸವೆಯದಿರಲಿ ಎಂದು ತಾನು ಮುಟ್ಟುವುದಿಲ್ಲವೋ, ಅವನಿಗೇ ತಿಳಿಯದು.